ಬದನಿಕೆಯ ಬೆನ್ನುಹತ್ತಿ, ಅತ್ತಿಯ ಜೊತೆ

ನಾನು ಹುಟ್ಟಿ ಬೆಳೆದ ಊರಿನಲ್ಲಿ ಗಿಡಮರ ಅಷ್ಟಕ್ಕಷ್ಟೆ. ನವಲಗುಂದದ ಹತ್ತಿರ, ಎರೆಹೊಲಗಳ ನಡುವಿನ ಊರು. ಜೋಳ, ಹತ್ತಿ, ಕಡಲೆ. ಅವು ಮುಗಿದವೆಂದರೆ ಬಿರುಕು ಬಿಟ್ಟ ಕರಿನೆಲ, ಅದರ ಆಚೆ ಮತ್ತಷ್ಟು ಕರಿನೆಲ. ನಮ್ಮ ಹೊಲದ ಬದುವಿನಲ್ಲಿ ಒಂದು ಬೇವಿನ ಗಿಡವಿತ್ತು. ಬುತ್ತಿ ಉಣ್ಣಲು, ಎತ್ತು ಕಟ್ಟಲು, ಮಕ್ಕಳನ್ನು ಮಲಗಿಸಲು ಎಲ್ಲದಕ್ಕೂ ಅದೊಂದೇ ನೆರಳು. ಅಂಥ ಊರಿನ ಹುಡುಗಿ ಕಾಡಿಗೆ ಹೋಗಿ, ಅದರಲ್ಲೂ ಗಿಡದ ಮೇಲೆ ಗಿಡವಾಗಿ ಬದುಕುವ ಬದನಿಕೆಯನ್ನು ಓದುತ್ತೇನೆ ಅಂದರೆ ಮನೆಯವರಿಗೆ ನಗು ಬರುವುದು ಸಹಜವೇ.

ಬದನಿಕೆಯನ್ನು ನಾನು ಮೊದಲು ಸರಿಯಾಗಿ ನೋಡಿದ್ದು ಧಾರವಾಡದಲ್ಲಿ, ನಾವು ಇರುತ್ತಿದ್ದ ಹಾಸ್ಟೆಲಿನ ಹಿಂದಿನ ಮಾವಿನ ಗಿಡದಲ್ಲಿ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಾನು ಎಂ.ಎಸ್ಸಿ. ಓದುತ್ತಿದ್ದೆ. ಮಾವಿನ ಎಲೆಯ ನಡುವೆ ಬೇರೆಯೇ ಬಣ್ಣದ ದಪ್ಪ ಎಲೆಗಳ ಒಂದು ಪೊದೆ, ಅದರ ತುಂಬ ಕಿತ್ತಳೆ ಬಣ್ಣದ ಉದ್ದುದ್ದ ಹೂಮೊಗ್ಗು. ಬೆರಳಿನಿಂದ ಒಂದು ಮೊಗ್ಗನ್ನು ಮೆಲ್ಲಗೆ ಒತ್ತಿದೆ. ಅದು ಟಪ್ಪೆಂದು ಸಿಡಿದು ಅರಳಿತು. ಇನ್ನೊಂದನ್ನು ಒತ್ತಿದೆ, ಅದೂ ಅರಳಿತು. ಹಕ್ಕಿಯ ಕೊಕ್ಕು ತಾಗಿದಾಗ ಅರಳಲೆಂದು ಅದು ಹಾಗೆ ಕಾಯುತ್ತದೆ ಎಂದು ನಮ್ಮ ಗುರುಗಳು ಆಮೇಲೆ ಹೇಳಿದರು. ಅವತ್ತು ನಾನು ಕ್ಲಾಸು ತಪ್ಪಿಸಿ ಅಲ್ಲೇ ನಿಂತಿದ್ದೆ. ಮುಂದೇನು ಮಾಡಬೇಕೆಂಬುದು ಅಲ್ಲಿಯೇ ಗೊತ್ತಾಗಿಹೋಯಿತು.

ಎಂ.ಎಸ್ಸಿ. ಮುಗಿದ ಮೇಲೆ ಊರಿಗೆ ಬಂದು ವಿಷಯ ಎತ್ತಿದೆ. ಅಪ್ಪ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

"ಡಿಗ್ರಿ ಆತು. ಅದರ ಮ್ಯಾಲಿಂದೂ ಆತು. ಇನ್ನೇನು ಉಳದೈತಿ ಓದೂದು?" ಅಂದ.

"ಸಂಶೋಧನಾ ಮಾಡ್ತೀನಪಾ. ಬದನಿಕಿ ಮ್ಯಾಲೆ."

"ಬದನಿಕಿ? ಮಾವಿನ ಗಿಡಕ್ಕ ಹತ್ತಿ ಹಾಳ ಮಾಡ್ತದಲ್ಲ, ಅದಾ?"

"ಹೌದು, ಅದ."

"ಅದನ್ನ ಕಡದ ಒಗೀತಾರವಾ. ಯಾರರ ಓದ್ತಾರೇನು?"

ಅವ್ವ ಮೊರದ ಹಿಂದೆ ಮುಖ ಇಟ್ಟುಕೊಂಡು ನಕ್ಕಳು. ಆದರೆ ಅಪ್ಪನಿಗೆ ಓದಿಸುವುದರ ಮೇಲೆ ಸಿಟ್ಟಿರಲಿಲ್ಲ. ಕಲಘಟಗಿ ಕಡೆಯ ಕಾಡಂಚಿನಲ್ಲಿ, ದುಮ್ಮವಾಡದಲ್ಲೋ ಎಲ್ಲೋ ಒಂದು ಖೋಲಿ ಹಿಡಿದು ಕೆಲವು ವರ್ಷ ಇರಬೇಕಾಗುತ್ತದೆ ಎಂದು ಹೇಳಿದಾಗ ಮಾತ್ರ ಅವನ ಮುಖ ಗಂಟಿಕ್ಕಿತು.

"ಒಬ್ಬಾಕೀನ?"

ಆಗ ಅಡಿಗೆಮನೆಯ ಬಾಗಿಲಿನಿಂದ ಒಂದು ಮಾತು ಬಂತು.

"ನಾ ಹೊಕ್ಕೇನಿ ಆಕಿ ಕೂಡ."

ಎಲ್ಲರೂ ಆ ಕಡೆ ತಿರುಗಿ ನೋಡಿದೆವು. ಹಿಟ್ಟಾದ ಕೈಯನ್ನು ಸೆರಗಿಗೆ ತಾಗದ ಹಾಗೆ ಎತ್ತಿ ಹಿಡಿದುಕೊಂಡು ಅತ್ತಿ ನಿಂತಿದ್ದಳು. ಅತ್ತಿ ಅಂದರೆ ಅಪ್ಪನ ಅಕ್ಕ. ಪಡಸಾಲೆಯ ಮಾತಿಗೆ ಕೇಳದೆ ಅವಳು ಬಾಯಿ ಹಾಕಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಅತ್ತಿಗೆ ಎಳೆಯ ವಯಸ್ಸಿನಲ್ಲಿ ಮದುವೆಯಾಗಿತ್ತು. ಗಂಡನ ಮನೆಯ ಹೊಸ್ತಿಲು ದಾಟಿದ ವರ್ಷವೇ ಗಂಡ ತೀರಿಕೊಂಡ. ನಮ್ಮ ಮನೆತನದಲ್ಲಿ ಎರಡನೇ ಮದುವೆಯ ರೂಢಿ ಇರಲಿಲ್ಲ. ತವರಿಗೆ ಬಂದವಳು ಆಗಿನ್ನೂ ಚಿಕ್ಕವನಾಗಿದ್ದ ಅಪ್ಪನನ್ನು ಸೊಂಟದ ಮೇಲೆ ಹೊತ್ತು ತಿರುಗಿದಳು. ಮುಂದೆ ನಮ್ಮನ್ನೆಲ್ಲ ಹೊತ್ತಳು. ಬೆಳಿಗ್ಗೆ ಎದ್ದು ಹಣೆಗೆ ಇಬತ್ತಿ ಹಚ್ಚಿ ಲಿಂಗಪೂಜೆ ಮುಗಿಸಿ ಒಲೆಯ ಮುಂದೆ ಕೂತರೆ, ಮನೆಯವರು, ಆಳುಮಕ್ಕಳು, ಬಂದುಹೋಗುವವರು ಎಲ್ಲರಿಗೂ ರೊಟ್ಟಿ ಬಡಿದು ಏಳುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಿದ್ದ. ಮಧ್ಯಾಹ್ನ ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಅವಳ ಬೇಕು ಬೇಡಗಳನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಬಾರದು ಅಂತ ಅಲ್ಲ, ಅವಳಿಗೆ ಅಂಥದ್ದೊಂದು ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅಪ್ಪ, "ನೀ ಹೋದ್ರ ಇಲ್ಲೆ ರೊಟ್ಟಿ ಬಡಿಯವರ ಯಾರು?" ಅಂದ.

"ನಿನ್ನ ಹೇಣ್ತಿಗೆ ಕೈ ಅದಾವಲ್ಲೋ," ಅಂದಳು ಅತ್ತಿ. ಈ ಸಲ ಅವ್ವ ಮೊರ ಕೆಳಗಿಟ್ಟೇ ನಕ್ಕಳು.

ಹೀಗೆ ನಾವಿಬ್ಬರು ಹೊರಟೆವು. ಒಂದು ಚೀಲ ಜೋಳದ ಹಿಟ್ಟು, ರೊಟ್ಟಿ ಹಂಚು, ಹಿಟ್ಟು ನಾದುವ ಕೊಮಣಿಗೆ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ, ಎರಡು ಕೌದಿ, ಒಂದು ನವಲಗುಂದದ ಜಮಖಾನ. ನನ್ನದೇನಿತ್ತೆಂದರೆ ಒಂದು ಟ್ರಂಕು ಪುಸ್ತಕ ಮತ್ತು ಗುರುಗಳು ಕೊಟ್ಟ ಒಂದು ಭೂತಗನ್ನಡಿ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಕಲಘಟಗಿ ದಾರಿ ಹಿಡಿದಾಗ ನೆಲ ಕೆಂಪಾಯಿತು, ಹೊಲಗಳ ನಡುವೆ ಮಾವಿನ ಗಿಡಗಳು ಬಂದವು. ದೂರದಲ್ಲಿ ಕಾಡಿನ ಅಂಚು ಕಂಡಾಗ ಅತ್ತಿ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಷ್ಟೂ ಗಿಡಾ ಯಾರ ಹಚ್ಚಿದ್ರು ಬೇ?" ಅಂತ ಕೇಳಿದಳು.

"ಯಾರೂ ಹಚ್ಚಿಲ್ಲ ಅತ್ತಿ. ತಾವ ಬೆಳದಾವ."

ಅವಳು ನಂಬಲಿಲ್ಲ. ಬಸ್ಸಿಳಿಯುವ ತನಕ ಒಂದೇ ಸಮನೆ ಹೊರಗೆ ನೋಡುತ್ತಲೇ ಇದ್ದಳು.

ದುಮ್ಮವಾಡದಲ್ಲಿ ಊರ ಅಂಚಿಗೆ ಎರಡು ಖೋಲಿಯ ಒಂದು ಮನೆ ಸಿಕ್ಕಿತು. ಮುಂದೆ ಕಟ್ಟೆ, ಹಿಂದೆ ಸಣ್ಣ ಹಿತ್ತಲು. ಮನೆಯ ಯಜಮಾನಿ ಬಾಜು ಮನೆಯಲ್ಲೇ ಇರುವ ಮುದುಕಿ, ಮೊದಲ ದಿನವೇ ಬಂದು ಕಟ್ಟೆಯ ಮೇಲೆ ಕೂತು, ನಮ್ಮ ಕುಲಗೋತ್ರ ವಿಚಾರಿಸಿ, ಕಡೆಗೆ ನನ್ನ ಕಡೆ ನೋಡಿ ಅತ್ತಿಯನ್ನು ಕೇಳಿದಳು: "ಈ ಹುಡಿಗಿ ಔಷಧಾ ಕೊಡ್ತೈತೇನ್ರಿ?" ಬದನಿಕೆ ಹುಡುಕುವವರು ನಾಟಿ ವೈದ್ಯರೇ ಇರಬೇಕೆಂದು ಆ ಕಡೆಯ ಜನರ ಲೆಕ್ಕ. ಹುಣಸೆಯ ಬದನಿಕೆ ಇದಕ್ಕೆ, ಬೇವಿನ ಬದನಿಕೆ ಅದಕ್ಕೆ ಎಂದು ಒಂದೊಂದಕ್ಕೆ ಒಂದೊಂದು ಗುಣ ಹೇಳುತ್ತಿದ್ದರು. ಮುಂದೆ ಬಹಳ ದಿನ ಮೊಣಕಾಲು ನೋವಿನವರು, ಮಕ್ಕಳಾಗದವರು, ದನ ಕಳೆದುಕೊಂಡವರು ಕೂಡ ನಮ್ಮ ಕಟ್ಟೆಗೆ ಬರುತ್ತಿದ್ದರು. ನನಗೆ ಏನೂ ಗೊತ್ತಿಲ್ಲವೆಂದು ಹೇಳಿ ಕಳಿಸುವುದೇ ಒಂದು ಕೆಲಸವಾಯಿತು. ಅತ್ತಿ ಮಾತ್ರ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಮಜ್ಜಿಗೆ ಕೊಟ್ಟು, ಅವರ ಕಷ್ಟ ಪೂರ್ತಿ ಕೇಳಿಯೇ ಬಿಡುತ್ತಿದ್ದಳು. ಅದರಿಂದಲೇ ಸ್ವಲ್ಪ ಗುಣವಾಗಿರಬೇಕು, ಬಂದವರು ಮತ್ತೆ ಬರುತ್ತಿದ್ದರು.

ನನ್ನ ಕೆಲಸ ಹೀಗಿತ್ತು. ಬೆಳಿಗ್ಗೆ ಸೀರೆಯ ಒಳಗೆ ಅಣ್ಣನ ಹಳೆಯ ಪಾಯಿಜಾಮ ಹಾಕಿಕೊಂಡು, ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಿದ್ದೆ. ಹತ್ತಿರದ ಗೌಳಿದಡ್ಡಿಯಿಂದ ಎಮ್ಮೆ ಸಾಕುವ ಒಬ್ಬ ಗೌಳಿ ಕಾಕಾ ಜೊತೆಗೆ ಬರುತ್ತಿದ್ದ. ಗಿಡ ಹತ್ತುವವನು ಅವನು, ಕೆಳಗೆ ನಿಂತು ಬೇಡುವವಳು ನಾನು. ಯಾವ ಗಿಡಕ್ಕೆ ಬದನಿಕೆ ಹತ್ತುತ್ತದೆ, ಯಾವುದಕ್ಕೆ ಹತ್ತುವುದಿಲ್ಲ, ಮತ್ತಿ ಗಿಡಕ್ಕೆ ಹತ್ತಿದ್ದಕ್ಕೂ ಮಾವಿಗೆ ಹತ್ತಿದ್ದಕ್ಕೂ ಏನು ಫರಕು, ಇವನ್ನು ನೋಡಬೇಕಿತ್ತು. ಹಣ್ಣಾಗುವ ಕಾಲದಲ್ಲಿ ಹೆಬ್ಬೆರಳಿನಷ್ಟೇ ಇರುವ ಒಂದು ಬೂದು ಬಣ್ಣದ ಹಕ್ಕಿ ಬರುತ್ತದೆ. ಅದಕ್ಕೂ ಬದನಿಕೆ ಹಕ್ಕಿ ಅಂತಲೇ ಹೆಸರು. ಹಣ್ಣು ನುಂಗುತ್ತದೆ, ಒಳಗಿನ ಬೀಜ ಅಂಟು ಅಂಟಾಗಿ ಹೊರಬಂದರೆ ಬಿಡಿಸಿಕೊಳ್ಳಲು ಕೊಂಬೆಗೆ ಹಿಂಭಾಗವನ್ನು ಒರೆಸುತ್ತದೆ. ಬೀಜ ಕೊಂಬೆಗೆ ಅಂಟುತ್ತದೆ. ಅಲ್ಲೇ ಮೊಳೆತು, ತೊಗಟೆಯ ಮೇಲೆ ಒಂದು ಪುಟ್ಟ ಪಾದ ಊರಿ ಒಳಗೆ ಇಳಿಯುತ್ತದೆ. ಈ ಹಕ್ಕಿ ಒರೆಸುವುದನ್ನು ನೋಡುತ್ತ ನಾನು ಕಳೆದ ಮುಂಜಾನೆಗಳಿಗೆ ಲೆಕ್ಕವಿಲ್ಲ. ಒಮ್ಮೆ ಅತ್ತಿಯನ್ನೂ ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎಷ್ಟು ನಕ್ಕಳೆಂದರೆ ಹಕ್ಕಿ ಹಾರಿಹೋಯಿತು.

"ಇದನ್ನ ನೋಡಾಕ ಸರ್ಕಾರದವರು ನಿನಗ ಪಗಾರ ಕೊಡ್ತಾರ?" ಅಂದಳು. ಕೊಡುತ್ತಿದ್ದುದು ಸಣ್ಣ ವಿದ್ಯಾರ್ಥಿವೇತನ. ಆದರೂ ಅವಳಿಗೆ ಅದು ದೊಡ್ಡ ಮೋಜಿನ ವಿಷಯವಾಯಿತು. ಯಜಮಾನಿ ಮುದುಕಿಗೆ ಅದನ್ನು ಅಭಿನಯಿಸಿ ತೋರಿಸಿದಳು.

ಸಂಜೆ ಹೊತ್ತು ನಾವು ಕಟ್ಟೆಯ ಮೇಲೆ ಕೂತು ಹಣ್ಣು ಹಿಚುಕಿ ಬೀಜ ಬಿಡಿಸುತ್ತಿದ್ದೆವು. ಮರುದಿನ ಅವನ್ನು ಬೇರೆ ಬೇರೆ ಗಿಡಗಳ ಕೊಂಬೆಗೆ ಅಂಟಿಸಿ, ಪಕ್ಕದಲ್ಲಿ ಬಣ್ಣದ ದಾರ ಕಟ್ಟಿ, ಯಾವುದು ಹಿಡಿಯುತ್ತದೆ ಎಂದು ನೋಡುವುದು. ಅಂಟು ಬೆರಳಿಗೆ ಹತ್ತಿದರೆ ಎಣ್ಣೆ ಹಚ್ಚಿದರೂ ಬಿಡುತ್ತಿರಲಿಲ್ಲ. ಅಂಥ ಒಂದು ಸಂಜೆ ಅತ್ತಿ ಕೇಳಿದಳು:

"ಇದು ಹತ್ತಿದ್ರ ಗಿಡಾ ಸಾಯ್ತದೇನು?"

"ಎಲ್ಲಾ ಸಾಯೂದಿಲ್ಲ. ಇದಕ್ಕ ಹಸರ ಎಲಿ ಅದಾವ ನೋಡು. ತನ್ನ ಅಡಗಿ ತಾನ ಮಾಡ್ಕೋತೈತಿ. ಗಿಡದ ಕಡೆಯಿಂದ ತಗೊಳ್ಳೂದು ನೀರು, ಉಪ್ಪು ಅಷ್ಟ."

"ನೀರು, ಉಪ್ಪು ಅಷ್ಟ?"

"ಬಹುತೇಕ ಅಷ್ಟ."

"ಖರೇ ಹೇಳು. ಗಿಡಕ್ಕ ಏನೂ ಆಗೂದಿಲ್ಲ?"

ನನಗೆ ಸುಳ್ಳು ಹೇಳಲು ಬರಲಿಲ್ಲ. ಬದನಿಕೆ ಕೂತಲ್ಲಿಂದ ಮುಂದಿನ ಕೊಂಬೆ ಮೆಲ್ಲಗೆ ಒಣಗುತ್ತದೆ, ಬಹಳ ಹತ್ತಿದರೆ ಗಿಡ ಸೊರಗುತ್ತದೆ ಎಂದು ಹೇಳಿದೆ. ಅವಳು ತಲೆ ಆಡಿಸಿದಳು. ಆಮೇಲೆ ಬೀಜ ಬಿಡಿಸುತ್ತಲೇ, ಯಾರದೋ ವಿಷಯ ಹೇಳುವವಳ ಹಾಗೆ ಹೇಳಿದಳು. ಹಿಂದೊಮ್ಮೆ ನನ್ನ ಅವ್ವನ ತವರಿನ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಮನೆಗೆ ಬಂದವಳು, ಅತ್ತಿ ನೀರಿನ ಕೊಡ ಇಳಿಸುತ್ತಿರುವಾಗ, "ಗಿಡಕ್ಕ ಬದನಿಕಿ ಹತ್ತಿಧಂಗ ಹತ್ಯಾಳ ನಿಮ್ಮ ಮನೀಗೆ" ಅಂದಿದ್ದಳಂತೆ. ಅವ್ವ ಅವಳ ಬಾಯಿ ಮುಚ್ಚಿಸಿದ್ದಳಂತೆ. ಆದರೂ ಅತ್ತಿಗೆ ಕೇಳಿಸಿಬಿಟ್ಟಿತ್ತು.

"ಅದಕ್ಕ ನೀ ಬದನಿಕಿ ಅಂದಾಗ, ನೋಡೂಣು ಏನೈತಿ ಅದರಾಗ ಅಂತ ಬಂದೆ," ಅಂದಳು.

ಅತ್ತೀ, ನೀನಿಲ್ಲದಿದ್ದರೆ ಆ ಮನೆಯಲ್ಲಿ ಒಬ್ಬರಿಗೂ ಹೊಟ್ಟೆ ತುಂಬುತ್ತಿರಲಿಲ್ಲ ಎಂದು ಹೇಳಬೇಕಿತ್ತು. ಅಂಟು ಹತ್ತಿದ ಕೈಯಿಂದಲೇ ಅವಳ ಕೈ ಹಿಡಿದೆ. ಇಬ್ಬರ ಬೆರಳೂ ಅಂಟಿಕೊಂಡವು. "ಬಿಡ ಬೇ, ಹುಚ್ಚಿ," ಎಂದು ನಕ್ಕು, ಬೆರಳು ಬಿಡಿಸಿಕೊಂಡು ಒಲೆ ಹಚ್ಚಲು ಎದ್ದಳು.

ನಮ್ಮ ಮನೆ ಖಾನಾವಳಿಯಾದದ್ದು ಯಾರೂ ಯೋಚಿಸಿ ಮಾಡಿದ್ದಲ್ಲ. ದುಮ್ಮವಾಡಕ್ಕೆ ಸಂಜೆ ಒಂದು ವಸ್ತಿ ಬಸ್ಸು ಬರುತ್ತಿತ್ತು. ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ಹುಬ್ಬಳ್ಳಿಗೆ ಹೊರಡುವ ಬಸ್ಸು. ಅದರ ಕಂಡಕ್ಟರ್ ಅಣ್ಣಿಗೇರಿ ಕಡೆಯವನು, ನಮ್ಮ ಹಾಗೆ ಜೋಳದ ರೊಟ್ಟಿಯ ಸೀಮೆಯವನು. ದುಮ್ಮವಾಡದ ಕಡೆ ಬತ್ತ ಹೆಚ್ಚು, ಅನ್ನದ ಊಟ ಹೆಚ್ಚು. ಅವನಿಗೆ ಅನ್ನ ಉಂಡರೆ ಉಂಡ ಹಾಗೇ ಆಗುತ್ತಿರಲಿಲ್ಲ. ಒಂದು ಸಂಜೆ ನಮ್ಮ ಮನೆಯ ಮುಂದೆ ಹೋಗುವಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ನಿಂತುಬಿಟ್ಟ.

"ಅವ್ವಾರ, ತಪ್ಪ ತಿಳೀಬ್ಯಾಡ್ರಿ. ಯಾ ಊರವ್ರಿ ನೀವು?"

"ನವಲಗುಂದದ ಕಡ್ಯಾವ್ರಪಾ."

"ಅದಕ್ಕ ಮತ್ತ! ಸಪ್ಪಳಾ ಕೇಳಿದ್ರ ಗೊತ್ತಾತ್ರಿ."

ಅತ್ತಿ ಅವನನ್ನು ಕೂರಿಸಿ, ಬಿಸಿ ರೊಟ್ಟಿ, ಪುಂಡಿಪಲ್ಯ, ಹಿಂಡಿ, ಅದರ ಮೇಲೆ ಎಣ್ಣೆ ಹಾಕಿ ಕೊಟ್ಟಳು. ಅವನು ತಲೆ ಎತ್ತದೆ ಉಂಡ. ಮರುದಿನ ಡ್ರೈವರನನ್ನೂ ಕರೆದುಕೊಂಡು ಬಂದ. ಅದರ ಮುಂದಿನ ವಾರ ತನ್ನೂರಿನ ಹೊಲದ ಬಿಳಿಜೋಳದ ಒಂದು ಚೀಲವನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದು ನಮ್ಮ ಕಟ್ಟೆಗೆ ಇಳಿಸಿದ. "ಇನ್ನ ಮ್ಯಾಲೆ ಪುಕ್ಕಟ ಉಣ್ಣೂದಿಲ್ರಿ," ಅಂದ. ಆ ಜೋಳವನ್ನು ಅಂಗೈಯಲ್ಲಿ ಹಿಡಿದು ಅತ್ತಿ ಎಷ್ಟೋ ಹೊತ್ತು ನೋಡುತ್ತಿದ್ದಳು. ತನ್ನ ಕೈಯ ಕೆಲಸಕ್ಕೆ ಹೊರಗಿನವರೊಬ್ಬರು ಏನನ್ನಾದರೂ ತಂದುಕೊಟ್ಟದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಆಮೇಲೆ ಶಾಲೆಗೆ ಹೊಸದಾಗಿ ಬಂದ ಮಾಸ್ತರರು ಬಂದರು, ಕಟ್ಟಿಗೆ ಲಾರಿಯವರು ಬಂದರು. ಮುಂದಿನ ಖೋಲಿಯಲ್ಲಿ ಜಮಖಾನ ಹಾಸಿ ಸಾಲಾಗಿ ಕೂರಿಸುವ ಪದ್ಧತಿ ಬಂತು. ನನ್ನ ಒಣಗಿದ ಬದನಿಕೆಯ ಕಟ್ಟುಗಳೆಲ್ಲ ಒಳಗಿನ ಖೋಲಿಗೆ ಸರಿದವು.

ಎರಡನೇ ವರ್ಷದ ಬೇಸಿಗೆಯಲ್ಲಿ ನಾನು ಬಿದ್ದೆ. ಅವತ್ತು ಗೌಳಿ ಕಾಕಾನ ಎಮ್ಮೆ ಈಯುವುದಿತ್ತು, ಅವನು ಬಂದಿರಲಿಲ್ಲ. ಹಿಂದಿನ ವಾರ ಅಂಟಿಸಿದ ಬೀಜಗಳನ್ನು ನೋಡಲೇಬೇಕೆಂದು ನಾನೇ ಮಾವಿನ ಗಿಡ ಹತ್ತಿದೆ. ಕಾಲಿಟ್ಟ ಕೊಂಬೆ ಬದನಿಕೆಯಿಂದಲೇ ಒಣಗಿ ಟೊಳ್ಳಾದದ್ದು. ಹಸಿರು ಕಂಡದ್ದೆಲ್ಲ ಬದನಿಕೆಯ ಎಲೆ, ಗಿಡದ್ದಲ್ಲ. ಬೇರೆಯವರಿಗೆ ಪಾಠ ಹೇಳುವ ನಾನೇ ಅದನ್ನು ಮರೆತಿದ್ದೆ. ಕೊಂಬೆ ಮುರಿದು, ನನ್ನ ಬಲಗಾಲೂ ಮುರಿಯಿತು. ಹೊಲದಲ್ಲಿದ್ದವರು ಹೊರಸಿನ ಮೇಲೆ ಹೊತ್ತು ತಂದರು. ಅತ್ತಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಅಳಲಿಲ್ಲ, ಕೂಗಲಿಲ್ಲ. ಮೊರವನ್ನು ಅಕ್ಕಿಯ ಸಮೇತ ಬದಿಗಿಟ್ಟು, ಕೌದಿಯೊಂದನ್ನು ನಾಕಾಗಿ ಮಡಚಿ ಕಾಲಿನ ಕೆಳಗಿಟ್ಟಳು. ಕಟ್ಟಿಗೆ ಲಾರಿಯವರು ಅದೇ ಹೊತ್ತಿಗೆ ಉಣ್ಣಲು ಬಂದಿದ್ದರು. ಉಣ್ಣದೆ ನಮ್ಮನ್ನು ಹುಬ್ಬಳ್ಳಿಯ ದವಾಖಾನೆಗೆ ಮುಟ್ಟಿಸಿದರು. ದಾರಿಯುದ್ದಕ್ಕೂ ಅತ್ತಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವಚನವೊಂದನ್ನು ಮೆಲುದನಿಯಲ್ಲಿ ಹೇಳುತ್ತಿದ್ದಳು. ಯಾವ ವಚನವೆಂದು ಈಗ ನೆನಪಿಲ್ಲ, ಅದನ್ನೇ ಮತ್ತೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದುದು ನೆನಪಿದೆ.

ಸುದ್ದಿ ತಿಳಿದು ಅಪ್ಪ ಬಂದ. ಕಾಲಿನ ಪ್ಲಾಸ್ಟರು ನೋಡಿ ಮುಖ ಬಿಳಿಚಿಕೊಂಡ. "ಸಾಕು. ಓದಿದ್ದು ಸಾಕು, ಕಾಡು ಸಾಕು. ಮನೀಗೆ ಹೋಗೂಣು," ಅಂದ.

"ಕಾಲ ಮುರದೈತಿ, ಓದೇನು ಮುರದಿಲ್ಲ," ಅಂದಳು ಅತ್ತಿ. "ಆಕಿ ಬೀಜಾ ಹಚ್ಚಿ ಬಂದಾಳ. ಈಗ ಬಿಟ್ಟು ಹೋದ್ರ ಬಿತ್ತಿದ ಹೊಲಾ ಬಿಟ್ಟು ಹೋಧಂಗ. ನೀ ಒಕ್ಕಲತನಾ ಮಾಡಾಂವ, ನೀನ ಹೇಳು, ಬಿಡ್ತಿ ಏನು?"

ಕಾಲು ಕೂಡುವ ತನಕ ನೋಡೋಣ ಎಂದು ಹೇಳಿ, ಅಪ್ಪ ನಮ್ಮನ್ನು ದುಮ್ಮವಾಡಕ್ಕೆ ಬಿಟ್ಟು ಹೋದ.

ಬಿತ್ತಿದ್ದನ್ನು ನೋಡಿಕೊಂಡವಳು ಅತ್ತಿಯೇ. ಬೆಳಗಿನ ರೊಟ್ಟಿ ಮುಗಿಸಿ, ಗೌಳಿ ಕಾಕಾನನ್ನು ಕರೆದುಕೊಂಡು ಹೋಗುತ್ತಿದ್ದಳು. ಅವನು ಹತ್ತಿ ನೋಡಿ ಮೇಲಿನಿಂದ ಕೂಗಿ ಹೇಳುವುದು, ಇವಳು ಕೆಳಗಿನಿಂದ ನೆನಪಿಟ್ಟುಕೊಳ್ಳುವುದು. ಕೈಗೆ ಎಟಕುವ ಕೊಂಬೆಗಳನ್ನು ಭೂತಗನ್ನಡಿ ಹಿಡಿದು ಇವಳೇ ನೋಡುವಳು. ಓದು ಬರಹ ಬಾರದವಳು, ದಾರದ ಬಣ್ಣದ ಮೇಲೆ ಎಲ್ಲವನ್ನೂ ಹೇಳುತ್ತಿದ್ದಳು. ಬಂದವಳೇ ನನ್ನ ಹೊರಸಿನ ಬದಿಗೆ ಕೂತು ಶುರು ಮಾಡುವಳು.

"ಕೆಂಪದಾರದ್ದು ಕಾಲ ಊರೇತಿ. ಹಳದಿದು ಇನ್ನೂ ವಿಚಾರ ಮಾಡಾಕತ್ತೈತಿ. ನೀಲಿದು ಒಣಗಿ ಹೋತ ಯವ್ವಾ, ಪಾಪ."

"ನೀಲಿ ಯಾವ ಗಿಡದ್ದು?"

"ಸಾಗವಾನಿ."

ನಾನು ಬರೆದುಕೊಳ್ಳುತ್ತಿದ್ದೆ. ಒಣಗಿದ ಬೀಜಕ್ಕೆ ಅವಳು ಪ್ರತಿಸಲ ಪಾಪ ಅನ್ನುತ್ತಿದ್ದಳು. ಪ್ರಬಂಧದಲ್ಲಿ ಅದನ್ನು ಬರೆಯಲು ಬರುವುದಿಲ್ಲ. ಆದರೆ ಆ ಪುಟಗಳನ್ನು ಈಗ ತೆರೆದರೂ ನನಗೆ ಅವಳ ದನಿಯೇ ಕೇಳುತ್ತದೆ. ಒಂದು ದಿನ ಹಳದಿ ದಾರದ್ದು ಕೊನೆಗೂ ಎರಡು ಎಲೆ ಬಿಟ್ಟಿತೆಂದು ಹೇಳಲು ಓಡುತ್ತಲೇ ಬಂದಳು. ಐವತ್ತು ದಾಟಿದ ಹೆಣ್ಣುಮಗಳು ಊರ ಬೀದಿಯಲ್ಲಿ ಸೀರೆ ಎತ್ತಿ ಹಿಡಿದು ಓಡಿದ್ದನ್ನು ಯಜಮಾನಿ ಮುದುಕಿ ಬಹಳ ದಿನ ಹೇಳಿ ನಗಿಸುತ್ತಿದ್ದಳು.

ಕಾಲು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಕೆಲಸ ಮುಗಿಯಲು ಮತ್ತೂ ವರ್ಷಗಳೇ ಹಿಡಿದವು. ಪ್ರಬಂಧ ಒಪ್ಪಿಗೆಯಾಗಿ, ಧಾರವಾಡದ ಒಂದು ಕಾಲೇಜಿನಲ್ಲಿ ನನಗೆ ಕೆಲಸವೂ ಸಿಕ್ಕಿತು. ಖೋಲಿ ಖಾಲಿ ಮಾಡುವ ದಿನ ಬಂತು. ನಾನು ಟ್ರಂಕು ತುಂಬುತ್ತಿದ್ದರೆ ಅತ್ತಿ ಹಂಚಿನ ಮಸಿ ಕೆರೆಯುತ್ತ ಕೂತಿದ್ದಳು. ಅವಳ ಸಾಮಾನು ಒಂದೂ ಕದಲಿರಲಿಲ್ಲ.

"ಅತ್ತೀ, ನಿಂದು ಕಟ್ಟೂದಿಲ್ಲೇನು?"

"ನಾ ಇಲ್ಲೇ ಇರ್ತೇನಿ," ಅಂದಳು, ಹಂಚಿನಿಂದ ಕಣ್ಣು ಎತ್ತದೆ. "ವಸ್ತಿ ಬಸ್ಸಿನವರು ಉಪಾಸ ಮಲಗಬೇಕಾಗ್ತದ."

ನಾನು ವಾದ ಮಾಡಲಿಲ್ಲ. ಒಳಗೊಳಗೆ ಇದು ಬರುತ್ತದೆಂದು ನನಗೆ ಗೊತ್ತಿತ್ತು ಅಂತ ಕಾಣುತ್ತದೆ. ಆದರೆ ಅಪ್ಪನಿಗೆ ಹೇಳಬೇಕಿತ್ತು. ಸಾಮಾನು ಒಯ್ಯಲು ಅವನು ಬರುವವನಿದ್ದ. ಬಂದವನಿಗೆ ಅತ್ತಿಯೇ ನೀರು ಕೊಟ್ಟು, ಎದುರಿಗೆ ಕೂತು ಹೇಳಿದಳು. ಅವನು ಕೈಯಲ್ಲಿ ತಂಬಿಗೆ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

"ಅಕ್ಕಾ, ನನ್ನ ಮನ್ಯಾಗ ನಿನಗ ಏನ ಕಡಿಮಿ ಮಾಡೀನಿ?"

"ಏನೂ ಕಡಿಮಿ ಮಾಡಿಲ್ಲೋ ತಮ್ಮಾ. ಅದಕ್ಕ ಹೇಳೂದು ತ್ರಾಸ ಆಗೇತಿ ನನಗ. ಏನರ ಕಡಿಮಿ ಮಾಡಿದ್ದಿ ಅಂದ್ರ ಜಗಳಾ ಮಾಡಿ ಎಂದೋ ಬಿಟ್ಟು ಬಂದಿರ್ತಿದ್ದೆ."

"ಮಂದಿ ಏನಂದಾರು? ಅಕ್ಕಗ ಒಂದು ರೊಟ್ಟಿ ಹಾಕಾಕ ಆಗಲಿಲ್ಲ ಇವಗ ಅಂತಾರ."

"ಹಂಗಂದವರನ್ನ ಇಲ್ಲೆ ಕಳಸು. ಉಣ್ಣಾಕ ಹಾಕಿ ನಾನ ಹೇಳ್ತೇನಿ ಅವರಿಗೆ."

ಅಪ್ಪ ಎದ್ದು ಕಟ್ಟೆಯ ಮೇಲೆ ಹೋಗಿ ಕೂತ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವನ ಕಣ್ಣು ತುಂಬಿದ್ದವು. "ಸಣ್ಣಾಂವಿದ್ದಾಗ ಜಡ್ಡ ಬಂದ್ರ ಅವ್ವನ ಕಡೆ ಹೋಗ್ತಿದ್ದಿಲ್ಲ ನಾ. ಈಕಿ ಕಡೇನ ಹೋಗ್ತಿದ್ದೆ," ಅಂದ. ಸ್ವಲ್ಪ ಹೊತ್ತಿನ ಮೇಲೆ, "ಆಕಿಗೇನು ಬೇಕು ಅಂತ ಒಮ್ಮೀನೂ ಕೇಳಲಿಲ್ಲ ನೋಡು," ಅಂದ. ನಾನೂ ಕೇಳಿರಲಿಲ್ಲ. ಇಬ್ಬರೂ ರಸ್ತೆ ನೋಡುತ್ತ ಕೂತೆವು.

ದೀಪ ಹಚ್ಚುವ ಹೊತ್ತಿಗೆ ವಸ್ತಿ ಬಸ್ಸು ಬಂತು. ಕಂಡಕ್ಟರ್, ಡ್ರೈವರ್, ಮಾಸ್ತರರು, ಇನ್ನೊಬ್ಬಿಬ್ಬರು ಕೈಕಾಲು ತೊಳೆದು ಒಳಗೆ ಬಂದರು. ಬಾಗಿಲಲ್ಲಿ ಹೊಸಬರನ್ನು ಕಂಡು ಕಂಡಕ್ಟರ್ ಕೇಳಿದ:

"ಅವ್ವಾರ, ಇವರ ಯಾರ್ರಿ?"

"ನನ್ನ ತಮ್ಮ," ಅಂದಳು ಅತ್ತಿ. ಆ ಎರಡು ಮಾತಿನಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ ಕೂತವರೆಲ್ಲ ಎದ್ದು ನಿಂತರು.

"ಬರ್ರಿ, ಬರ್ರಿ ಕಾಕಾರ, ಇಲ್ಲೆ ಕುಂದರ್ರಿ," ಎಂದು ನಡುವೆ ಜಾಗ ಮಾಡಿಕೊಟ್ಟರು. ಅಪ್ಪ ಮುಜುಗರದಿಂದ ಸಾಲಿನಲ್ಲಿ ಕೂತ. ಅತ್ತಿ ಒಂದು ಕಡೆಯಿಂದ ಬಡಿಸುತ್ತ ಬಂದಳು. ಎಲ್ಲರಿಗೂ ಹಾಕಿದ ಹಾಗೆಯೇ ಅವನ ತಾಟಿಗೂ ರೊಟ್ಟಿ ಹಾಕಿದಳು, ಝುಣಕ ಹಾಕಿದಳು. ಊರಿನ ಅಡಿಗೆಮನೆಯಲ್ಲಿ ತಲೆಬಾಗಿ ಬಡಿಸಿ ಗೋಡೆಯ ಹಿಂದೆ ಸರಿಯುತ್ತಿದ್ದವಳು ಇಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಡುಮನೆಯಲ್ಲಿ ನಿಂತು, "ಮಾಸ್ತರ್, ಇವತ್ತ ಯಾಕ ಕಡಿಮಿ ಉಣ್ಣಾಕತ್ತೀರಿ?" ಎಂದು ಗದರಿಸುತ್ತಿದ್ದಳು. ಅಪ್ಪ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡುತ್ತಿದ್ದ, ಈ ಹೆಂಗಸನ್ನು ಎಲ್ಲೋ ಕಂಡಿದ್ದೇನಲ್ಲ ಅನ್ನುವವನ ಹಾಗೆ.

"ಇನ್ನೊಂದು ಹಾಕ್ಲಿ?" ಅಂದಳು ಅವನ ಮುಂದೆ ಬಂದು.

"ಹಾಕು," ಅಂದ.

ಮರುದಿನ ಬೆಳಿಗ್ಗೆ ನನ್ನ ಟ್ರಂಕು ಬಸ್ಸಿನ ಮೇಲೇರಿತು. ಹತ್ತುವ ಮೊದಲು ಅಪ್ಪ ಅತ್ತಿಯ ಕಾಲು ಮುಟ್ಟಿದ. ಆಮೇಲೆ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ, "ಸುಗ್ಗಿ ಆದ ಮ್ಯಾಲೆ ಜ್ವಾಳಾ ಕಳಸ್ತೇನಿ. ಮಂದಿ ತಂದ ಜ್ವಾಳಾ ಯಾಕ, ನಮ್ಮ ಹೊಲದ್ದಿರಲಿ," ಅಂದ. ಅತ್ತಿ ಕೈ ಬೀಸಲಿಲ್ಲ. ಬಸ್ಸು ತಿರುವು ದಾಟುವವರೆಗೂ ಕಟ್ಟೆಯ ಮೇಲೆ ನಿಂತಿದ್ದಳು.

ಮುಂದಿನ ನನ್ನ ವರ್ಷಗಳೆಲ್ಲ ಕಾಲೇಜಿನವು. ಪಾಠ, ಪರೀಕ್ಷೆ, ಪೇಪರು ತಿದ್ದುವುದು. ಆದರೆ ಬದನಿಕೆ ಹಣ್ಣಾಗುವ ಕಾಲಕ್ಕೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ದುಮ್ಮವಾಡಕ್ಕೆ ಹೋಗುವುದನ್ನು ಒಂದು ವರ್ಷವೂ ಬಿಡಲಿಲ್ಲ. ಅದೇ ಗೌಳಿ ಕಾಕಾ, ಆಮೇಲೆ ಅವನ ಮಗ, ಗಿಡ ಹತ್ತುತ್ತಿದ್ದರು. ಹುಡುಗರಿಗೆ ಹಕ್ಕಿ ತೋರಿಸುತ್ತಿದ್ದೆ, ಬೀಜ ಅಂಟಿಸುವುದನ್ನು ಕಲಿಸುತ್ತಿದ್ದೆ. ಒಣಗಿದ ಕೊಂಬೆಗೆ ಕಾಲಿಡಬೇಡಿ ಎಂದು ನನ್ನ ಕುಂಟುಗಾಲು ತೋರಿಸಿಯೇ ಹೇಳುತ್ತಿದ್ದೆ. ಅವರಿಗೆ ನನ್ನ ಪಾಠಕ್ಕಿಂತ ಅತ್ತಿಯ ಊಟವೇ ಹೆಚ್ಚು ನೆನಪಿರುತ್ತದೆ ಎಂದು ನನಗೆ ಗೊತ್ತಿದೆ.

ಅಪ್ಪ ಜೋಳ ಕಳಿಸುತ್ತೇನೆ ಅಂದವನು ಒಮ್ಮೆಯೂ ಕಳಿಸಲಿಲ್ಲ. ಪ್ರತಿವರ್ಷ ತಾನೇ ತಂದ. ಎರಡು ದಿನ ಇರುತ್ತೇನೆಂದು ಬಂದು ವಾರ ಇರುತ್ತಿದ್ದ. ಒಂದು ಸಲ ನಾವೆಲ್ಲ ಕಾಡಿನಿಂದ ಹಸಿದು ಗದ್ದಲ ಮಾಡುತ್ತ ಬಂದೆವು. ಅತ್ತಿ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ತಡೆದಳು. ಒಳಗೆ, ಊಟದ ಖೋಲಿಯ ನಡುವೆ, ಅಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದ. ಅವಳ ಕೈಯಲ್ಲಿ ಬೀಸಣಿಕೆ ಇತ್ತು.

"ಸಪ್ಪಳಾ ಮಾಡಬ್ಯಾಡ್ರಿ. ನನ್ನ ತಮ್ಮ ಮಲಗ್ಯಾನ," ಅಂದಳು.

ನಾವೆಲ್ಲ ಕಟ್ಟೆಯ ಮೇಲೆ ಕೂತು ಕಾದೆವು.